ಭಾನುವಾರದ ಪುಕ್ಕಟೆ ಊಟ

ಐದು ಜನಕ್ಕೆ ಅಡುಗೆ ಮಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಕಾಲೇಜು ಹಾಸ್ಟೆಲಿನ ಮೆಸ್ಸಿನಲ್ಲಿ ವರ್ಷಗಟ್ಟಲೆ ನೂರಾರು ಹುಡುಗರಿಗೆ ಬೇಯಿಸಿ ಹಾಕಿದವಳ ಕೈಯ ಅಳತೆಯೇ ದೊಡ್ಡದಾಗಿಬಿಟ್ಟಿತ್ತು. ಮನೆಯ ಅಕ್ಕಿ ಡಬ್ಬಿಗೆ ಕೈ ಹಾಕಿದರೂ ಅದು ಮೆಸ್ಸಿನ ಲೆಕ್ಕದಲ್ಲೇ ಮೇಲೆ ಬರುತ್ತಿತ್ತು. ಉಳಿದ ಅನ್ನವನ್ನು ಮನೆಯವರು ಮರುದಿನ ಬೆಳಿಗ್ಗೆ ಮುಖ ಹುಳ್ಳಗೆ ಮಾಡಿಕೊಂಡು ತಿನ್ನುತ್ತಿದ್ದರು.

“ಇದೇನಮ್ಮ, ಇವತ್ತು ಮನೆಗೆ ದಂಡು ಬರುತ್ತಾ?” ಎಂದು ಮಗಳು ಕೇಳುತ್ತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಗಿರಾಕಿಗಳ ಮುಂದೆ ನಕ್ಕು ನಕ್ಕು ಸಾಕಾಗಿ, ಮನೆಗೆ ಬಂದ ಮೇಲೆ ನಾಲಿಗೆ ಸಡಿಲ ಬಿಡುತ್ತಿದ್ದಳು.

“ಇರಲಿ ಬಿಡೇ. ಕಡಿಮೆ ಬಿದ್ದರೆ ಕಷ್ಟ. ಹೆಚ್ಚಾದರೆ ಏನು ಕಷ್ಟ?”

ಏನು ಕಷ್ಟ ಎಂಬುದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಮಗ ಅದೇ ಕಾಲೇಜಿನಲ್ಲಿ ಓದುತ್ತಿದ್ದ. ಓದುತ್ತಿದ್ದ ಎಂದರೆ ಸ್ವಲ್ಪ ಹೆಚ್ಚಾಯಿತು, ವಾಲಿಬಾಲ್ ಆಡುತ್ತಿದ್ದ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ ಬೆಳೆದಿದ್ದರಿಂದ ಓಣಿಯಲ್ಲೆಲ್ಲ ಅವನಿಗೆ ‘ಏಣಿ’ ಎಂದೇ ಹೆಸರು. ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿತ್ತು, ಫೀಸು ಇರಲಿಲ್ಲ. ಆಟ ನಿಂತರೆ ಸೀಟೂ ಹೋಗುತ್ತದೆ, ಸೀಟು ಹೋದರೆ ಅವನು ಡಿಪೋದಲ್ಲಿ ತಂದೆಯ ಪಕ್ಕ ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿಯಬೇಕು. ಮೆಕ್ಯಾನಿಕ್ ತಂದೆ ಇದನ್ನು ಮಗನಿಗೆ ಬುದ್ಧಿ ಹೇಳಬೇಕಾದಾಗಲೆಲ್ಲ ನೆನಪಿಸುತ್ತಿದ್ದ.

ಭಾನುವಾರ ಸಂಜೆ ಮೆಸ್ಸಿಗೆ ರಜೆ. ಅಭ್ಯಾಸ ಮುಗಿಸಿದ ಆಟಗಾರರು ಬೇಕರಿಯ ಒಣ ಬನ್ನು ಕಚ್ಚಿ ನೀರು ಕುಡಿದು ಮಲಗುತ್ತಿದ್ದರು. ಒಂದು ಭಾನುವಾರ ಏಣಿ ಇಬ್ಬರನ್ನು ಮನೆಗೆ ಕರೆತಂದ. ಮುಂದಿನ ವಾರ ಆರು ಜನ ಬಂದರು. ತಿಂಗಳಾಗುವಷ್ಟರಲ್ಲಿ ಇಡೀ ತಂಡ. ತಟ್ಟೆ ಸಾಲದೆ ಕೊನೆಯವರು ಪಾತ್ರೆಯ ಮುಚ್ಚಳ ಹಿಡಿದು ಕೂತರು. ಅನ್ನ, ಬೇಳೆ, ಒಬ್ಬೊಬ್ಬನಿಗೆ ಎರಡೆರಡು ಮೊಟ್ಟೆ, ತಿಂಗಳಿಗೊಮ್ಮೆ ಕೋಳಿ. ಅಡುಗೆಮನೆಯಿಂದ ಬೀದಿಬಾಗಿಲ ತನಕ ಬರೀ ಉದ್ದುದ್ದ ಕಾಲುಗಳು. ಅವುಗಳನ್ನು ದಾಟಿ ಬಡಿಸುವುದೇ ಒಂದು ಸರ್ಕಸ್ಸು. ಹುಡುಗರು ಅವಳನ್ನು ದೊಡ್ಡಮ್ಮ ಎಂದು ಕರೆದರು. ಆ ಒಂದು ಮಾತಿಗೆ ಅವಳು ಕರಗಿಹೋದಳು.

ಅಕ್ಕಿ, ಬೇಳೆ, ಮೊಟ್ಟೆ ಎಲ್ಲ ಅವಳ ಸಂಬಳದ್ದು. ಮೂಲೆಯ ಕಿರಾಣಿ ಅಂಗಡಿಯಿಂದ ಅಕ್ಕಿ ಹೊತ್ತು ತರುವುದು ಮಗಳ ಕೆಲಸ, ಪಾತ್ರೆ ತಿಕ್ಕುವುದೂ ಅವಳದೇ. ಅನ್ನಕ್ಕೆ ಇಡುತ್ತಿದ್ದ ದೊಡ್ಡ ಪಾತ್ರೆ ಮಾತ್ರ ಹಾಸ್ಟೆಲಿನದು. ತಳ ನೆಗ್ಗಿ ಮೂಲೆಗೆ ಬಿದ್ದಿದ್ದನ್ನು ಹಳೆಯ ವಾರ್ಡನ್ “ತಗೊಂಡು ಹೋಗಮ್ಮ, ಗುಜರಿಗೆ ಹಾಕೋ ಬದಲು” ಎಂದು ಕೊಟ್ಟಿದ್ದ. ಅದರ ಕಂಠದಲ್ಲಿ ಕಾಲೇಜಿನ ಮುದ್ರೆ ಇತ್ತು. ಆ ವಾರ್ಡನ್ ಈಗ ತೀರಿಕೊಂಡಿದ್ದ.

ಕೋಚ್ ಕೂಡ ಒಂದು ಭಾನುವಾರ ಬಂದ. “ಉಪ್ಪು ಸರಿಯಾಗಿದೆಯಾ ನೋಡ್ತೀನಿ, ಅಷ್ಟೇ” ಎಂದು ಕೂತವನು ಎರಡು ತಟ್ಟೆ ಅನ್ನ ಖಾಲಿ ಮಾಡಿ ಎದ್ದ. ಆಮೇಲೆ ಕೋಳಿ ಬೇಯುವ ಭಾನುವಾರವೆಲ್ಲ ಅವನಿಗೆ ಉಪ್ಪಿನ ಚಿಂತೆ ಹತ್ತುತ್ತಿತ್ತು.

ಎರಡನೆಯ ವರ್ಷವೂ ತಂಡ ಕಪ್ ಗೆದ್ದಾಗ ಅಜ್ಜನಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಅಜ್ಜ ಎಂದರೆ ಮೆಕ್ಯಾನಿಕ್‌ನ ತಂದೆ, ಮನೆಯ ಅತ್ಯಂತ ಹಿರಿಯ ಬಾಯಿ. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಜಗತ್ತಿಗೆಲ್ಲ ಕೇಳುವಂತೆ ಹೇಳಿದ: “ಕಪ್ ಗೆದ್ದಿದ್ದು ಯಾರ ಬಲದಿಂದ ಅಂದ್ಕೊಂಡಿದೀರಿ? ನನ್ನ ಸೊಸೆಯ ಅನ್ನದ ಬಲ ಅದು. ಇಡೀ ತಂಡ ನಮ್ಮನೇಲೇ ಉಣ್ಣೋದು. ಎರಡು ವರ್ಷ! ಒಂದು ಕಾಸು ಮುಟ್ಟಿಲ್ಲ ನಾವು!”

ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದವನೊಬ್ಬ “ಹೌದಾ ಯಜಮಾನರೇ? ಒಂದು ಕಾಸೂ ಇಲ್ವಾ? ನಿಮ್ಮ ಸೊಸೆ ಏನು ಕೆಲಸ ಮಾಡ್ತಾರೆ?” ಎಂದು ಆಸಕ್ತಿಯಿಂದ ವಿಚಾರಿಸಿದ. ಅಜ್ಜ ಎಲ್ಲವನ್ನೂ ಹೇಳಿದ. ನೊರೆ ತೆಗೆದ ಮೇಲೆ ಕಂಡ ಮುಖ ಫೈನಲ್‌ನಲ್ಲಿ ಸೋತ ಕಾಲೇಜು ತಂಡದ ಮ್ಯಾನೇಜರನದು. ಅಜ್ಜನಿಗೆ ಅದು ಗೊತ್ತಿರಲಿಲ್ಲ. ಆ ಮನುಷ್ಯನ ಸಭ್ಯತೆಯನ್ನು ಮನೆಯಲ್ಲಿ ಹೊಗಳಿದ್ದೂ ಆಯಿತು.

ಎರಡು ವಾರದಲ್ಲಿ ಕ್ರೀಡಾ ಮಂಡಳಿಯವರು ವಿಚಾರಣೆಗೆ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಇಬ್ಬರು ಗಂಡಸರು, ಒಬ್ಬ ಹೆಂಗಸು. ಅಡುಗೆಯವಳು ಮೆಸ್ಸಿನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ನಿಂತಳು.

“ಹುಡುಗರಿಗೆ ಮನೇಲಿ ಊಟ ಹಾಕಿದ್ದು ನಿಜವಾ?”

“ನಿಜ ಸಾರ್. ಹಸಿದು ಬಂದೋರಿಗೆ ಹಾಕದೆ ಇರೋಕಾಗುತ್ತಾ?”

“ದುಡ್ಡು ತಗೊಂಡಿದ್ರಾ?”

ಅವಳಿಗೆ ರೇಗಿತು. “ಏನ್ ಸಾರ್ ಹೀಗಂತೀರಿ? ಮಕ್ಕಳ ಹತ್ರ ಅನ್ನಕ್ಕೆ ದುಡ್ಡು ತಗೋತಾರಾ ಯಾರಾದ್ರೂ?”

ಬರೆದುಕೊಳ್ಳುತ್ತಿದ್ದವನು ಅದನ್ನು ಚಾಚೂ ತಪ್ಪದೆ ಬರೆದುಕೊಂಡ. ತೆಗೆದುಕೊಂಡಿದ್ದರೆ ಅವಳು ಬಚಾವಾಗುತ್ತಿದ್ದಳು. ಕಾಲೇಜಿನ ನೌಕರರು ಯಾರೂ ಆಟಗಾರರಿಗೆ ಊಟ, ಬಟ್ಟೆ, ಉಡುಗೊರೆ ಏನನ್ನೂ ಪುಕ್ಕಟೆಯಾಗಿ ಕೊಡಕೂಡದು ಎಂಬುದು ನಿಯಮ. ದುಡ್ಡಿದ್ದ ಕಾಲೇಜುಗಳು ಬೈಕು, ಮೊಬೈಲು ಕೊಟ್ಟು ಒಳ್ಳೆಯ ಆಟಗಾರರನ್ನು ಎಳೆದುಕೊಳ್ಳುತ್ತವೆ ಎಂದು ಮಾಡಿದ ನಿಯಮ ಅದು. ಬೈಕು ಕೊಟ್ಟವರು ಇವತ್ತಿಗೂ ಸಿಕ್ಕಿಬಿದ್ದಿಲ್ಲ. ಸಿಕ್ಕಿಬಿದ್ದವಳು ಮೊಟ್ಟೆ ಬೇಯಿಸಿದವಳು.

ಹೆಂಗಸಿಗೆ ಸ್ವಲ್ಪ ಕನಿಕರವಾಯಿತು. “ಹುಡುಗರು ನಿಮಗೇನಾದರೂ ನೆಂಟರಾಗಬೇಕಾ? ಮನೆಯವರಿಗೆ ಊಟ ಹಾಕಿದರೆ ತಪ್ಪಿಲ್ಲ. ನಿಮ್ಮ ಮಗ ಉಂಡದ್ದನ್ನು ನಾವು ಲೆಕ್ಕಕ್ಕೇ ತಗೊಂಡಿಲ್ಲ ನೋಡಿ.”

“ದೊಡ್ಡಮ್ಮ ಅಂತಾರೆ ಮೇಡಂ.”

“ಅಂದರೆ ಸಾಲದಮ್ಮ. ಆಗಿರಬೇಕು.”

ಪಕ್ಕದಲ್ಲೇ ಕೋಚ್ ಕೂತಿದ್ದ. ಕೇಳಿದ್ದಕ್ಕೆ, “ಅನುಮಾನವೂ ಬಂದಿರಲಿಲ್ಲ ಸಾರ್. ಬಂದಿದ್ದರೆ ಅವತ್ತೇ ತಡೀತಿದ್ದೆ. ನಾನು ಆ ಮನೆಯ ಹೊಸಿಲು ತುಳಿದವನಲ್ಲ” ಎಂದ. ಅವಳು ಅವನ ಮುಖವನ್ನೇ ನೋಡಿದಳು. ಹದಿನೈದು ದಿನದ ಹಿಂದೆ ಕೋಳಿಯ ಕಾಲು ಕೇಳಿ ಹಾಕಿಸಿಕೊಂಡಿದ್ದ ಮುಖ. ಹೇಳಿಬಿಡಬಹುದಿತ್ತು. ಆದರೆ ತನ್ನ ಕೈಯಲ್ಲಿ ಉಂಡವರನ್ನು ಎತ್ತಿ ಆಡುವುದು ಅವಳಿಂದ ಆಗಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಮೂರ್ಖಳು ಎನ್ನಬೇಕೆ, ದೊಡ್ಡವಳು ಎನ್ನಬೇಕೆ, ನನಗೆ ತಿಳಿಯದು.

ಶಿಕ್ಷೆ ಬಂದಾಗ ಕಾಲೇಜೇ ಬೆಚ್ಚಿತು. ಗೆದ್ದ ಎರಡೂ ಕಪ್ ವಾಪಸು. ತಂಡಕ್ಕೆ ಎರಡು ವರ್ಷ ಆಡುವ ಹಾಗಿಲ್ಲ. ಊಟ ಮಾಡಿದ ಹನ್ನೊಂದು ಹುಡುಗರ ಕ್ರೀಡಾ ಸೀಟು ರದ್ದು, ಕರೆದುಕೊಂಡು ಹೋದ ಏಣಿಯದೂ ರದ್ದು. ಅಡುಗೆಯವಳನ್ನು ಕೆಲಸದಿಂದ ತೆಗೆಯಬೇಕು.

ಸುದ್ದಿ ಕೇಳಿ ಅಜ್ಜ ಗೋಡೆಗೆ ಹಣೆ ಬಡಿದುಕೊಂಡ. “ನನ್ನ ನಾಲಿಗೆಗೆ ಬೆಂಕಿ ಬೀಳ! ಹಾಳು ಬಾಯಿ, ಸುಮ್ಮನಿರೋಕೆ ಏನಾಗಿತ್ತು ಇದಕ್ಕೆ!”

“ಬಿಡಿ ಮಾವ. ಇರೋದನ್ನೇ ಹೇಳಿದ್ರಿ. ಸುಳ್ಳು ಹೇಳಿದ್ರಾ?” ಎಂದಳು ಸೊಸೆ.

ಅಜ್ಜ ಅವತ್ತಿನಿಂದ ಕ್ಷೌರದಂಗಡಿಯ ಕಡೆ ತಲೆ ಹಾಕಲಿಲ್ಲ. ಗಡ್ಡ ಬೆಳೆಯತೊಡಗಿತು.

ಅದೇ ವಾರ ಕೋಚ್ ಡಿಪೋಗೆ ಬಂದು ಮೆಕ್ಯಾನಿಕ್‌ನನ್ನು ಚಹಾದಂಗಡಿಗೆ ಕರೆದುಕೊಂಡು ಹೋದ. ಚಹಾದ ದುಡ್ಡು ತಾನೇ ಕೊಟ್ಟ. ಆವತ್ತು ಸಂಜೆ ಊಟಕ್ಕೆ ಕೂತಾಗ ಮೆಕ್ಯಾನಿಕ್ ತಟ್ಟೆ ನೋಡಿಕೊಂಡೇ ಮಾತು ತೆಗೆದ.

“ಒಂದು ದಾರಿ ಇದೆಯಂತೆ. ಮೇಲ್ಮನವಿ. ಪ್ರಿನ್ಸಿಪಾಲರೂ ಒಪ್ಪಿದಾರಂತೆ.”

“ಏನು ದಾರಿ?” ಎಂದ ಏಣಿ.

“ಆ ಅಕ್ಕಿ ಬೇಳೆ ಎಲ್ಲ ಮೆಸ್ಸಿನ ಉಗ್ರಾಣದ್ದು ಅಂತ ಆದರೆ, ಅದು ನೌಕರರು ಕೊಟ್ಟ ಉಪಚಾರ ಆಗಲ್ಲವಂತೆ. ಕಳ್ಳತನ ಆಗುತ್ತೆ. ಒಬ್ಬರದೇ ತಪ್ಪು. ಕಾಲೇಜಿಗೂ ಮೋಸ, ಹುಡುಗರಿಗೂ ಮೋಸ. ಶಿಕ್ಷೆ ಇಳಿಸ್ತಾರಂತೆ. ಮನೆಯವರೇ ಯಾರಾದರೂ ಬರೆದುಕೊಟ್ಟರೆ ನಂಬ್ತಾರೆ. ಮುದ್ರೆ ಇರೋ ಪಾತ್ರೆ ಬೇರೆ ಇದೆಯಲ್ಲ.”

ಮೊದಲು ಬಾಯಿ ಬಿಟ್ಟವಳು ಮಗಳು.

“ಅಂದರೆ ಅಮ್ಮ ಕಳ್ಳಿ ಅಂತ ಬರೆದುಕೊಡಬೇಕಾ?”

“ಕೂಗಬೇಡ. ಕೆಲಸ ಹೇಗೂ ಹೋಯಿತು. ಹೋದ ಕೆಲಸಕ್ಕೆ ಇನ್ನೊಂದು ಮಾತು ಸೇರಿದರೆ ಏನು ನಷ್ಟ? ಹುಡುಗನ ಸೀಟಾದರೂ ಉಳೀಲಿ.”

“ಹಾಗಾದರೆ ನಾಳೆ ನೀವು ಡಿಪೋದಲ್ಲಿ ಎಂಜಿನ್ ಕದ್ದೆ ಅಂತ ಬರೆದುಕೊಡಿ ಅಪ್ಪ. ಏನು ನಷ್ಟ?”

“ನನ್ನ ವಿಷಯ ಯಾಕೆ ಈಗ?”

“ಅಕ್ಕಿ ಮೂಟೆ ಹೊತ್ತೋಳು ನಾನು! ಎಲ್ಲಿಂದ ಬಂತು ಅಂತ ನನ್ನ ಸೊಂಟಕ್ಕೆ ಗೊತ್ತು. ಕಿರಾಣಿ ಅಂಗಡಿಯವನನ್ನೇ ಕರ್ಕೊಂಡು ಹೋಗಿ ಹೇಳಿಸ್ತೀನಿ.”

“ಕೇಳಿಯಾಯ್ತು” ಎಂದ ಮೆಕ್ಯಾನಿಕ್. “ಮೆಸ್ಸಿಗೆ ಸಾಮಾನು ಹಾಕೋನೂ ಅವನೇ. ‘ನನಗೇನೂ ನೆನಪಿಲ್ಲ ಅಣ್ಣ, ನನ್ನ ಹೊಟ್ಟೆ ಮೇಲೆ ಹೊಡೀಬೇಡ’ ಅಂದ.”

ಏಣಿ ಅನ್ನ ಕಲಸುತ್ತ ಕೂತಿದ್ದ, ಬಾಯಿಗೆ ಹೋಗುತ್ತಿರಲಿಲ್ಲ. “ಅಕ್ಕ, ನನ್ನೊಬ್ಬನ ಸೀಟಾಗಿದ್ದರೆ ನಾನು ಕೇರ್ ಮಾಡ್ತಿರಲಿಲ್ಲ. ಹನ್ನೊಂದು ಜನ. ನಾನೇ ಕರ್ಕೊಂಡು ಬಂದಿದ್ದು. ಗ್ರೌಂಡಿನಲ್ಲಿ ಒಬ್ಬನೂ ನನ್ನ ಮುಖ ನೋಡ್ತಿಲ್ಲ.”

“ಉಂಡಿದ್ದು ಮರೆತುಹೋಯ್ತಾ ಅವರಿಗೆ?”

“ಉಂಡಿದ್ದಕ್ಕೇ ತಾನೆ ಈಗ ಅನುಭವಿಸ್ತಿರೋದು!”

ತಾಯಿ ಸೌಟನ್ನು ಕೆಳಗಿಟ್ಟು ಮಗನ ಎದುರು ಕೂತಳು. “ನೋಡೋ, ಬರಿ. ತಪ್ಪು ನಂದೇ ಅಂತ ಬರಿ. ನಿಯಮ ಗೊತ್ತಿದ್ದೂ ಹಾಕಿದೆ ಅಂತ ಬರಿ. ಬಲವಂತ ಮಾಡಿ ಉಣ್ಣಿಸಿದೆ ಅಂತ ಬೇಕಾದರೂ ಬರಿ, ನಾನು ಹೌದು ಅಂತೀನಿ. ಕದ್ದೆ ಅಂತ ಮಾತ್ರ ಬರೀಬೇಡ. ಅಷ್ಟು ವರ್ಷ ಆ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಒಂದು ಹಿಡಿ ಉಪ್ಪು ಮನೆಗೆ ತಂದಿಲ್ಲ ನಾನು. ನನಗೆ ಇರೋದು ಅದೊಂದೇ.”

“ಆಯ್ತಮ್ಮ” ಎಂದ ಏಣಿ.

ಮರುದಿನ ಅವನು ಕಾಲೇಜಿಗೆ ಹೋಗಿ ಬಂದ. “ಏನು ಬರೆದೆ?” ಎಂದು ಅಕ್ಕ ಬಾಗಿಲಲ್ಲೇ ತಡೆದಳು. “ಅಮ್ಮ ಹೇಳಿದ ಹಾಗೇ” ಎಂದು ಶೂ ಬಿಚ್ಚುತ್ತ ಕೂತ. ಅವತ್ತು ಶೂವಿನ ದಾರ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಎರಡು ದಿನ ಬಿಟ್ಟು ಕಾಲೇಜಿನ ಇಬ್ಬರು ಜವಾನರು ಬಂದು ನೆಗ್ಗಿದ ಪಾತ್ರೆಯನ್ನು ಹೊತ್ತುಕೊಂಡು ಹೋದರು. “ಅವರದೇ ತಾನೆ, ಒಯ್ಯಲಿ” ಎಂದಳು ತಾಯಿ. ತೊಳೆದು ಒರೆಸಿ ಕೊಟ್ಟಳು.

ತಿಂಗಳೊಳಗೆ ತೀರ್ಪು ತಿರುಗಿತು. ಹುಡುಗರ ಸೀಟು ಉಳಿಯಿತು. ತಂಡ ಆ ವರ್ಷ ಉಳಿದಿದ್ದ ಪಂದ್ಯಗಳನ್ನು ಬಿಟ್ಟರೆ ಸಾಕು ಎಂದಾಯಿತು. ಕೋಚ್‌ಗೆ ‘ಇನ್ನು ಮುಂದೆ ಎಚ್ಚರವಹಿಸತಕ್ಕದ್ದು’ ಎಂಬ ಒಂದು ಸಾಲು. ಏಣಿಗೆ ಮಾತ್ರ ಒಂದು ಷರತ್ತು: ಅವನು ಮನೆಯಲ್ಲಿ ಇರಕೂಡದು, ಹಾಸ್ಟೆಲಿಗೆ ಬರಬೇಕು. ಯಾಕೆ ಎಂದು ತಾಯಿ ಕೇಳಲಿಲ್ಲ. ಸೀಟು ಉಳಿಯಿತಲ್ಲ ಎಂಬ ಸಂತೋಷದಲ್ಲಿ ಅವನ ಬಟ್ಟೆ ಮಡಚಿದಳು, ಹೊದಿಕೆ ಕಟ್ಟಿದಳು. “ಮೆಸ್ಸಿನಲ್ಲಿ ಹೊಸಬ ಬಂದಿದಾನಂತೆ, ಬೇಳೆ ಸರಿಯಾಗಿ ಬೇಯಿಸ್ತಾನೋ ಇಲ್ಲವೋ” ಎಂದಳು. ಏಣಿ ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡು ಹೋದ.

ಅವಳಿಗೆ ಬರಬೇಕಾಗಿದ್ದ ಹಣವನ್ನು ಕಾಲೇಜು ತಡೆಹಿಡಿದಿತ್ತು. ಕೇಳಲು ಹೋದರೆ ಗುಮಾಸ್ತ ಮುಖ ಕೊಡಲಿಲ್ಲ. ಮನೆಯಲ್ಲಿ ಕೈ ಬಿಗಿಯಾಯಿತು. ಹಾಲು ಅರ್ಧವಾಯಿತು. ಅಜ್ಜ ಔಷಧಿಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗತೊಡಗಿದ. ಅವಳು ಬೇರೆ ಕಡೆ ಅಡುಗೆ ಕೆಲಸ ಹುಡುಕಿ ಹೊರಟಳು. ಊರಾಚೆಯ ನರ್ಸಿಂಗ್ ಶಾಲೆಯ ಮೆಸ್ಸಿನಲ್ಲಿ ಜಾಗ ಖಾಲಿ ಇತ್ತು. ಅಲ್ಲಿಯ ಮೇಲ್ವಿಚಾರಕಿ ಅವಳ ಕೈ ಅಡುಗೆ ರುಚಿ ನೋಡಿ ತಲೆದೂಗಿದಳು. ಆಮೇಲೆ ಫೋನು ಹಿಡಿದು ಹೊರಗೆ ಹೋಗಿ ವಾಪಸು ಬಂದಳು.

“ಬೇಡಮ್ಮ. ಉಗ್ರಾಣದ ವಿಷಯ ಇದೆಯಲ್ಲ.”

“ಯಾವ ಉಗ್ರಾಣ? ಮೇಡಂ, ಊಟ ಹಾಕಿದ್ದಕ್ಕೆ ತೆಗೆದಿದ್ದು ನನ್ನ. ಬೇರೇನಿಲ್ಲ.”

ಮೇಲ್ವಿಚಾರಕಿಗೆ ಪೇಚಾಯಿತು. “ನನ್ನ ಹತ್ರ ಯಾಕಮ್ಮ ಮುಚ್ಚಿಡ್ತೀರಿ? ‘ವಾರಕ್ಕೆ ಒಂದು ಮೂಟೆ ಅಕ್ಕಿ ಹೊರಗೆ ಹೋಗ್ತಿತ್ತು, ನಾನು ಕಣ್ಣಾರೆ ನೋಡಿದೀನಿ’ ಅಂತ ನಿಮ್ಮ ಮಗನೇ ಬರೆದುಕೊಟ್ಟಿದಾನಂತೆ. ಇಲ್ಲದಿದ್ದರೆ ಶಿಕ್ಷೆ ಹೇಗೆ ಇಳೀತಿತ್ತು?”

ಅವಳು ಬಸ್ಸು ಹತ್ತದೆ ನಡೆದೇ ಮನೆಗೆ ಬಂದಳು. ಯಾರಿಗೂ ಏನೂ ಹೇಳಲಿಲ್ಲ. ಒಲೆ ಹಚ್ಚಿ ಅಕ್ಕಿ ತೊಳೆದು ಇಟ್ಟಳು. ಅವತ್ತು ನಾಲ್ಕು ಜನರೂ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಪಾತ್ರೆ ತಿಕ್ಕಲು ಬಂದ ಮಗಳು ಖಾಲಿ ತಳ ನೋಡಿ, ತಾಯಿಯ ಮುಖ ನೋಡಿ, “ಅಮ್ಮ, ಏನಾಯ್ತು?” ಎಂದಳು.

ಆಗ ಹೇಳಿದಳು. ಮಗಳು ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಒಳಗಿನಿಂದ ಕೇಳಿಸಿಕೊಂಡ ಮೆಕ್ಯಾನಿಕ್ ಬಾಗಿಲಿಗೆ ಬಂದ.

“ನಿಮಗೆ ಗೊತ್ತಿತ್ತಾ?” ಎಂದಳು ಹೆಂಡತಿ.

ಅವನು ಗೋಡೆಯ ಕಡೆ ನೋಡಿದ. ಅದೇ ಉತ್ತರವಾಯಿತು.

ಆಮೇಲಿನ ವಾರ ಅವಳು ಬಾಡಿಗೆಗೆ ಒಂದು ದೊಡ್ಡ ಪಾತ್ರೆ, ಎರಡು ಬೆಂಚು ತಂದಳು. ಮುಂದಿನ ಕೋಣೆಯಲ್ಲಿದ್ದ ಮಂಚವನ್ನು ಒಳಗೆ ತಳ್ಳಿಸಿದಳು. ಡಿಪೋದ ಡ್ರೈವರುಗಳು, ಕಂಡಕ್ಟರುಗಳು ಸಂಜೆ ಊಟಕ್ಕೆ ಬರತೊಡಗಿದರು. ಅನ್ನ, ಬೇಳೆ, ಬೇಕಾದರೆ ಮೊಟ್ಟೆ. ಊಟ ಮುಗಿಸಿದವರು ಎದ್ದು ಹೋಗುವಾಗ ಅವಳ ಕೈಗೆ ದುಡ್ಡು ಕೊಡಬೇಕು. ಸಾಲ ಇಲ್ಲ, ನಾಳೆ ಇಲ್ಲ. ಮೊದಲ ದಿನ ಒಬ್ಬ ಕಂಡಕ್ಟರ್ “ಅಕ್ಕ, ಇನ್ನೊಂದು ಚೂರು ಅನ್ನ ಹಾಕಿ” ಎಂದಾಗ “ಅದಕ್ಕೆ ಬೇರೆ ಆಗುತ್ತೆ” ಎಂದಳು. ಮಗಳು ಅಡುಗೆಮನೆಯಲ್ಲಿ ಇದನ್ನು ಕೇಳಿಸಿಕೊಂಡು ಸೆರಗು ಬಾಯಿಗಿಟ್ಟುಕೊಂಡಳು. ಅವಳಿಗೆ ಹಿಂದೆಂದೂ ತಾಯಿಯ ಬಗ್ಗೆ ಅಳು ಬಂದಿರಲಿಲ್ಲ.

ತಂಡದ ಹುಡುಗರು ಆ ಓಣಿಯನ್ನೇ ಬಿಟ್ಟರು. ಗ್ರೌಂಡಿಗೆ ಹೋಗಲು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅಜ್ಜ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬೆಳೆದುಹೋದ ಗಡ್ಡ ನೀವಿಕೊಳ್ಳುತ್ತ, ಬಂದವರಿಗೆ ಕೈ ತೊಳೆಯುವ ಜಾಗ ತೋರಿಸುತ್ತಿದ್ದ. ಯಾರಾದರೂ ಮಾತಾಡಿಸಿದರೆ ಹೂಂ ಎನ್ನುತ್ತಿದ್ದ, ಅಷ್ಟೇ.

ಮರುವರ್ಷದ ಪಂದ್ಯಾವಳಿ ಶುರುವಾಗಿ ತಂಡ ಮೊದಲ ಪಂದ್ಯ ಗೆದ್ದದ್ದು ಒಂದು ಭಾನುವಾರ. ಸಂಜೆ ಏಣಿ ಮನೆಗೆ ಬಂದ. ಹೊಸ ಜೆರ್ಸಿ, ಹೆಗಲಲ್ಲಿ ಚೀಲ. ಹಾಸ್ಟೆಲಿಗೆ ಹೋದ ಮೇಲೆ ಅವನು ಹೊಸಿಲು ದಾಟಿದ್ದು ಅದೇ ಮೊದಲು. ಅಜ್ಜ ಅವನನ್ನು ನೋಡಿ ಎದ್ದು ನಿಂತು, “ಕೈ ತೊಳೆಯೋ ಜಾಗ ಅಲ್ಲಿದೆ” ಎಂದುಬಿಟ್ಟ.

ಏಣಿ ಕೈ ತೊಳೆದು ಡ್ರೈವರುಗಳ ನಡುವೆ ಬೆಂಚಿನ ತುದಿಯಲ್ಲಿ ಕೂತ. ತಾಯಿ ಬಂದು ತಟ್ಟೆ ಇಟ್ಟಳು. ಎಲ್ಲರಿಗೂ ಹಾಕಿದಷ್ಟೇ ಅನ್ನ, ಎಲ್ಲರಿಗೂ ಹಾಕಿದಷ್ಟೇ ಬೇಳೆ.

“ಅಮ್ಮ, ಗೆದ್ದೆವು.”

“ಹೌದಾ. ಮೊಟ್ಟೆ ಬೇಕಾ?”

“ಹಾಕು.”

ಒಂದು ಹಾಕಿದಳು. ಅವನು ಹಸಿದಿದ್ದ, ತಲೆ ಎತ್ತದೆ ಉಂಡ. ಅಷ್ಟರಲ್ಲಿ ಡ್ರೈವರುಗಳು ಒಬ್ಬೊಬ್ಬರೇ ಎದ್ದು ದುಡ್ಡು ಕೊಟ್ಟು ಹೋದರು. ಕೊನೆಗೆ ಕೋಣೆಯಲ್ಲಿ ಅವನೊಬ್ಬನೇ ಉಳಿದ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು.

“ಅಮ್ಮ, ಕೋಚ್ ಹೇಳಿದ್ರು, ಅದು ಬರೀ ಕಾಗದದ ಮೇಲೆ, ಯಾರಿಗೂ ಗೊತ್ತಾಗಲ್ಲ ಅಂತ. ನಾನು ಅಂದ್ಕೊಂಡೆ...”

ಅವಳು ಅವನ ತಟ್ಟೆ ಎತ್ತಿಕೊಂಡು ಬೆಂಚು ಒರೆಸಿದಳು. ಆಮೇಲೆ ಕೈ ಚಾಚಿದಳು.

“ದುಡ್ಡು.”

ಏಣಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಗಲು ನೋಡಿದ. “ಏನಮ್ಮ ಇದು? ಮನೆಯವರಿಗೆ ಆ ನಿಯಮ ಇಲ್ಲ.”

“ಗೊತ್ತು ಕಣೋ” ಎಂದಳು ಅವಳು. ಚಾಚಿದ ಕೈ ಹಾಗೇ ಇತ್ತು.

ಅವನು ಅಕ್ಕನ ಕಡೆ ನೋಡಿದ, ಅಜ್ಜನ ಕಡೆ ನೋಡಿದ. ಚೀಲದೊಳಗೆ ಕೈ ಹಾಕಿ ಒಂದು ನೋಟು ತೆಗೆದು ಅವಳ ಅಂಗೈ ಮೇಲಿಟ್ಟ.

ಅವಳು ಅದನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು, ಒಂದು ಊಟ, ಒಂದು ಮೊಟ್ಟೆ ಎಂದು ಲೆಕ್ಕ ಹಾಕಿ, ಉಳಿದ ಚಿಲ್ಲರೆ ವಾಪಸು ಕೊಟ್ಟಳು.